ಬುಟ್ಟಿ ಕಟ್ಟಿದ ಮೇಷ್ಟ್ರು

ಬ್ಯಾಸ್ಕೆಟ್‌ಬಾಲ್ ಅಂಕಣವನ್ನು ಒಮ್ಮೆ ಗಮನವಿಟ್ಟು ನೋಡಿ. ಎತ್ತರದಲ್ಲಿ ಕಬ್ಬಿಣದ ಬಳೆ ಇರುತ್ತದೆ. ಬಳೆಗೆ ನೇತುಬಿಟ್ಟ ಬಲೆ ಇರುತ್ತದೆ. ಹಿಂದೆ ಒಂದು ಹಲಗೆ ಇರುತ್ತದೆ. ಬುಟ್ಟಿ ಮಾತ್ರ ಎಲ್ಲೂ ಕಾಣುವುದಿಲ್ಲ. ಆದರೂ ಆಟದ ಹೆಸರು ಬುಟ್ಟಿ ಚೆಂಡು! "ಬುಟ್ಟಿ ಎಲ್ಲಿ ಸಾರ್?" ಎಂದು ಪ್ರತಿ ವರ್ಷವೂ ಯಾವುದಾದರೊಂದು ಮಗು ನನ್ನನ್ನು ಕೇಳಿಯೇ ಕೇಳುತ್ತಿತ್ತು.

ನಾನು ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳ ಶಾಲೆಗಳಲ್ಲಿ ಆಟ ಕಲಿಸಿ ನಿವೃತ್ತನಾದವನು. ಮಕ್ಕಳ ಬಾಯಲ್ಲಿ ಪಿ.ಟಿ. ಸಾರ್, ಅವರ ಅಜ್ಜಂದಿರ ಬಾಯಲ್ಲಿ ಡ್ರಿಲ್ ಮೇಷ್ಟ್ರು. ಬುಟ್ಟಿಯ ಪ್ರಶ್ನೆಗೆ ನಾನು ಉತ್ತರವಾಗಿ ಹೇಳುತ್ತಿದ್ದುದು ನನ್ನಂಥದೇ ಇನ್ನೊಬ್ಬ ಡ್ರಿಲ್ ಮೇಷ್ಟ್ರ ಕಥೆ. ಅವರ ಹೆಸರು ಜೇಮ್ಸ್ ನೈಸ್ಮಿತ್. ಬುಟ್ಟಿ ಕಟ್ಟಿಸಿದಾಗ ಅವರಿಗೆ ಬರೀ 30 ವರ್ಷ. ಇಂದು ಜಗತ್ತಿನ ಮೂಲೆ ಮೂಲೆಯಲ್ಲೂ ಆಡುವ ಈ ಆಟವನ್ನು ಕಂಡುಹಿಡಿದವರು ಅವರೇ. ಆದರೆ ನಾನು ಅವರನ್ನು ನೆನೆಯುವುದು ಆ ಒಂದು ಕಾರಣಕ್ಕಲ್ಲ.

ಒಂಬತ್ತನೇ ಹುಟ್ಟುಹಬ್ಬ

ನೈಸ್ಮಿತ್ ಹುಟ್ಟಿದ್ದು 1861ರ ನವೆಂಬರ್ 6ರಂದು, ಕೆನಡಾ ದೇಶದ ಆಲ್ಮಾಂಟ್ ಎಂಬ ಊರಿನ ಹತ್ತಿರ. ತಂದೆ ತಾಯಿ ಸ್ಕಾಟ್ಲೆಂಡಿನಿಂದ ವಲಸೆ ಬಂದ ಕುಟುಂಬದವರು. ಮರ ಕೊಯ್ಯುವ ಮಿಲ್ಲಿನಲ್ಲಿ ತಂದೆಗೆ ಕೆಲಸ. 1870ರಲ್ಲಿ ಆ ಮನೆಗೆ ವಿಷಮಶೀತ ಜ್ವರ ಬಂತು. ಈಗ ನಾವು ಟೈಫಾಯ್ಡ್ ಎನ್ನುತ್ತೇವಲ್ಲ, ಅದೇ. ಆಗ ಅದಕ್ಕೆ ಮದ್ದಿರಲಿಲ್ಲ. ಅಕ್ಟೋಬರಿನಲ್ಲಿ ತಂದೆ ತೀರಿಕೊಂಡರು. ಮೂರು ವಾರ ಕಳೆಯುವಷ್ಟರಲ್ಲಿ ತಾಯಿಯೂ ಹೋದರು. ಆ ದಿನ ಹುಡುಗನ ಒಂಬತ್ತನೇ ಹುಟ್ಟುಹಬ್ಬ.

ಅಕ್ಕ ಆ್ಯನಿ, ತಮ್ಮ ರಾಬಿ, ನಡುವೆ ಜೇಮ್ಸ್. ಮೂವರು ಮಕ್ಕಳನ್ನೂ ಅಜ್ಜಿ ತಮ್ಮ ಮನೆಗೆ ಕರೆದುಕೊಂಡರು. ಮುಂದೆ ಅಜ್ಜಿಯೂ ತೀರಿಕೊಂಡಾಗ ಸೋದರಮಾವ ಪೀಟರ್ ಯಂಗ್ ಮಕ್ಕಳನ್ನು ಸಾಕುವ ಹೊಣೆ ಹೊತ್ತರು. ಈ ಪತ್ರಿಕೆಯನ್ನು ಓದುವ ಅಜ್ಜ ಅಜ್ಜಿಯರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ತಂದೆ ತಾಯಿ ಇಲ್ಲದ ಮೊಮ್ಮಕ್ಕಳನ್ನು ಮಡಿಲಿಗೆ ಹಾಕಿಕೊಂಡ ಹಿರಿಯರು ನಮ್ಮ ಪ್ರತಿ ಊರಿನಲ್ಲೂ ಇದ್ದಾರೆ.

ಮಾವ ಕಟ್ಟುನಿಟ್ಟಿನ ಮನುಷ್ಯ. ಹೊಲದ ಕೆಲಸ, ಕುದುರೆಯ ಕೆಲಸ ಎಲ್ಲವನ್ನೂ ಹುಡುಗ ಮಾಡಬೇಕಿತ್ತು. ಜೇಮ್ಸ್ ಓದಿನಲ್ಲಿ ಅಷ್ಟಕ್ಕಷ್ಟೇ. ಹೈಸ್ಕೂಲನ್ನು ಅರ್ಧಕ್ಕೇ ಬಿಟ್ಟು ಕಾಡಿಗೆ ಮರ ಕಡಿಯುವ ಕೂಲಿಗೆ ಹೋದ. ಕೆಲವು ವರ್ಷ ನಾಟಾ ಹೊತ್ತ ಮೇಲೆ, 20ರ ಆಸುಪಾಸಿನಲ್ಲಿ ಮತ್ತೆ ಅದೇ ಶಾಲೆಗೆ ಬಂದು, ತನಗಿಂತ ಚಿಕ್ಕ ಹುಡುಗರ ಜೊತೆ ಬೆಂಚಿನಲ್ಲಿ ಕುಳಿತು ಓದು ಮುಗಿಸಿದ. ಮುಂದೆ ಮಾಂಟ್ರಿಯಲ್‌ನ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಪದವಿ, ಆಮೇಲೆ ಧರ್ಮಶಾಸ್ತ್ರದ ಓದು. ಆದರೆ ಅವರ ಮನಸ್ಸು ಪಾದ್ರಿಯಾಗುವುದಕ್ಕಿಂತ ಮೈದಾನದ ಕಡೆಗೆ ಎಳೆಯಿತು. ಎಳೆಯರನ್ನು ಒಳ್ಳೆಯವರನ್ನಾಗಿಸಲು ಉಪದೇಶಕ್ಕಿಂತ ಆಟ ಹೆಚ್ಚು ಕೆಲಸ ಮಾಡೀತು ಎಂದು ಅವರಿಗೆ ಅನ್ನಿಸಿತ್ತು. 1890ರಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಎಂಬ ಊರಿನ ವೈ.ಎಂ.ಸಿ.ಎ. ತರಬೇತಿ ಶಾಲೆ ಸೇರಿದರು.

ಹೊರಗೆ ಹಿಮ, ಒಳಗೆ 18 ತುಂಟರು

ಮಳೆಗಾಲದ ಪಿ.ಟಿ. ಪೀರಿಯಡ್ ಅಂದರೆ ಏನೆಂದು ಸೊರಬ ಸೀಮೆಯ ಯಾವ ಮೇಷ್ಟ್ರನ್ನಾದರೂ ಕೇಳಿ. ಜೂನ್‌ನಲ್ಲಿ ಹಿಡಿದ ಮಳೆ ಬಿಡುವ ಹೊತ್ತಿಗೆ ಮಕ್ಕಳು ಆಟವನ್ನೇ ಮರೆತಿರುತ್ತಾರೆ. ಮೈದಾನ ನಾಟಿಗೆ ಹದ ಮಾಡಿದ ಗದ್ದೆಯ ಹಾಗಿರುತ್ತದೆ. ನಲವತ್ತು ಮಕ್ಕಳು ಒಂದೇ ಕೋಣೆಯಲ್ಲಿ. ಐದು ನಿಮಿಷಕ್ಕೆ ಒಬ್ಬರ ಜಡೆ ಇನ್ನೊಬ್ಬರ ಕೈಯಲ್ಲಿ, ಹತ್ತು ನಿಮಿಷಕ್ಕೆ ಒಬ್ಬ ಅಳುತ್ತಿರುತ್ತಾನೆ.

ಸ್ಪ್ರಿಂಗ್‌ಫೀಲ್ಡ್‌ನಲ್ಲೂ ತೊಂದರೆ ಇದೇ. ಅಲ್ಲಿ ಮಳೆಯ ಬದಲು ಹಿಮ. ಬೇಸಿಗೆಯಲ್ಲಿ ಬೇಸ್‌ಬಾಲ್, ಆಮೇಲೆ ಫುಟ್‌ಬಾಲ್ ಆಡಿ ಮೈ ಪಳಗಿಸಿಕೊಂಡ ದೊಡ್ಡ ಹುಡುಗರಿಗೆ ಚಳಿಗಾಲವಿಡೀ ವ್ಯಾಯಾಮಶಾಲೆಯೊಳಗೆ ಕವಾಯತು. ಎಡ, ಬಲ, ಕೈ ಮೇಲೆ, ಕೈ ಕೆಳಗೆ. 18 ಮಂದಿಯ ಒಂದು ತರಗತಿಯಂತೂ ಇಬ್ಬರು ಮೇಷ್ಟ್ರುಗಳನ್ನು ಸುಸ್ತು ಮಾಡಿ ಕಳಿಸಿತ್ತು. 1891ರ ಡಿಸೆಂಬರ್‌ನಲ್ಲಿ ವಿಭಾಗದ ಮುಖ್ಯಸ್ಥ ಲೂಥರ್ ಗುಲಿಕ್ ಆ ತರಗತಿಯನ್ನು ನೈಸ್ಮಿತ್ ಅವರಿಗೆ ಒಪ್ಪಿಸಿ, ಒಳಾಂಗಣದಲ್ಲಿ ಆಡಬಹುದಾದ ಹೊಸ ಆಟವೊಂದನ್ನು ಹುಡುಕಿ ಎಂದರು. ಗಡುವು 14 ದಿನ.

ನೈಸ್ಮಿತ್ ಮೊದಲು ಹೊರಗಿನ ಆಟಗಳನ್ನೇ ಒಳಗೆ ತಂದು ನೋಡಿದರು. ಫುಟ್‌ಬಾಲ್ ಆಡಿಸಿದರೆ ಹುಡುಗರು ಗೋಡೆಗೆ ಬಡಿದುಕೊಂಡರು. ಕೋಲಿನಿಂದ ಆಡುವ ಲಕ್ರಾಸ್ ತಂದರೆ ಕೈ, ಮುಖ ತರಚಿದವು. ಹುಡುಗರಿಗೂ ಬೇಸರ, ಮೇಷ್ಟ್ರಿಗೂ ಬೇಸರ. ಗಡುವು ಮುಗಿಯುತ್ತ ಬಂದಿತ್ತು.

ಆಗ ಅವರು ಕುಳಿತು ಯೋಚಿಸಿದ ಬಗೆ ನನಗೆ ತುಂಬ ಇಷ್ಟ. ಹುಡುಗರನ್ನು ಬೈಯಲಿಲ್ಲ. ತಪ್ಪು ಹುಡುಗರಲ್ಲಿಲ್ಲ, ಆಟದಲ್ಲಿದೆ ಎಂದುಕೊಂಡು ಲೆಕ್ಕ ಹಾಕಿದರು. ಪೆಟ್ಟಾಗುವುದು ಯಾವಾಗ? ಚೆಂಡು ಹಿಡಿದು ಓಡುವವನನ್ನು ಉಳಿದವರು ಕೆಡವಿದಾಗ. ಹಾಗಾದರೆ ಚೆಂಡು ಹಿಡಿದವನು ಓಡುವಂತೆಯೇ ಇಲ್ಲ, ನಿಂತಲ್ಲಿಂದ ಎಸೆಯಬೇಕು. ಕೋಲು ಬೇಡ, ಕೈಗೆ ಸಿಗುವ ದೊಡ್ಡ ಚೆಂಡು ಸಾಕು. ಆದರೆ ಗೋಲು ಎದುರಿಗೇ ಇದ್ದರೆ ಬಲವಾಗಿ ಹೊಡೆಯುತ್ತಾರೆ, ಮತ್ತೆ ಪೆಟ್ಟು. ಗೋಲನ್ನು ಎಲ್ಲಿಡುವುದು?

ಕಲ್ಲಿನ ಮೇಲಿನ ಬಾತು

ಉತ್ತರ ಸಿಕ್ಕಿದ್ದು ಬಾಲ್ಯದ ಆಟದಲ್ಲಿ. ಅವರ ಹಳ್ಳಿಯ ಕಮ್ಮಾರಸಾಲೆಯ ಹತ್ತಿರ ಒಂದು ದೊಡ್ಡ ಬಂಡೆಯಿತ್ತು. ಮಕ್ಕಳು ಅದರ ಮೇಲೆ ಮುಷ್ಟಿಗಾತ್ರದ ಕಲ್ಲಿಡುತ್ತಿದ್ದರು. ಆ ಕಲ್ಲಿಗೆ 'ಬಾತು' ಎಂದು ಹೆಸರು. ಬಾತಿಗೆ ಒಬ್ಬ ಕಾವಲುಗಾರ. ಉಳಿದವರು ದೂರದ ಗೆರೆಯಿಂದ ತಮ್ಮ ಕಲ್ಲು ಎಸೆದು ಬಾತನ್ನು ಉರುಳಿಸಬೇಕು. ಆಮೇಲೆ ಕಾವಲುಗಾರನ ಕೈಗೆ ಸಿಗದೆ, ಎಸೆದ ಕಲ್ಲನ್ನು ಹೆಕ್ಕಿಕೊಂಡು ಗೆರೆಗೆ ಓಡಿ ಬರಬೇಕು. ನಮ್ಮ ಲಗೋರಿಗೆ ದೊಡ್ಡಪ್ಪನ ಮಗನ ಹಾಗಿದೆ, ಅಲ್ಲವೇ ಮಕ್ಕಳೇ?

ಈ ಆಟದಲ್ಲೊಂದು ಗುಟ್ಟಿದೆ. ರಭಸದಿಂದ ನೇರವಾಗಿ ಎಸೆದರೆ ಕಲ್ಲು ದೂರ ಹೋಗಿ ಬೀಳುತ್ತದೆ, ಅದನ್ನು ತರುವಷ್ಟರಲ್ಲಿ ಸಿಕ್ಕಿಬೀಳುತ್ತೀರಿ. ಮೆಲ್ಲಗೆ, ಕಮಾನಿನ ಹಾಗೆ ಮೇಲಕ್ಕೆ ಎಸೆದರೆ ಕಲ್ಲು ಬಂಡೆಯ ಬುಡದಲ್ಲೇ ಬೀಳುತ್ತದೆ. ಇಲ್ಲಿ ಬಲಶಾಲಿಗಿಂತ ಜಾಣ ಗೆಲ್ಲುತ್ತಾನೆ. ಗೋಲಿನ ಬಾಯಿ ಆಕಾಶ ನೋಡುವಂತಿದ್ದರೆ ಎಲ್ಲರೂ ಹೀಗೆ ಮೆಲ್ಲಗೇ ಎಸೆಯಬೇಕಾಗುತ್ತದೆ! ಅದನ್ನು ತಲೆಗಿಂತ ಎತ್ತರದಲ್ಲಿಟ್ಟರೆ ಸುತ್ತ ನಿಂತು ಅಡ್ಡಗಟ್ಟಲೂ ಆಗುವುದಿಲ್ಲ. ನೈಸ್ಮಿತ್‌ಗೆ ಆಟ ಸಿಕ್ಕಿತ್ತು.

ಎರಡು ಬುಟ್ಟಿ, 13 ನಿಯಮ

1891ರ ಡಿಸೆಂಬರ್ 21. ನೈಸ್ಮಿತ್ ಶಾಲೆಯ ಕಟ್ಟಡ ನೋಡಿಕೊಳ್ಳುತ್ತಿದ್ದ ಸ್ಟೆಬಿನ್ಸ್ ಅವರ ಬಳಿ ಎರಡು ಪೆಟ್ಟಿಗೆ ಇದೆಯೇ ಎಂದು ಕೇಳಿದರು. ಪೆಟ್ಟಿಗೆ ಇರಲಿಲ್ಲ. ಪೀಚ್ ಹಣ್ಣು ತುಂಬುವ ಎರಡು ಬುಟ್ಟಿಗಳಿದ್ದವು. ನಮ್ಮಲ್ಲಿ ಅಡಿಕೆ ತುಂಬಲು ಹೆಡಿಗೆ ಇರುತ್ತದಲ್ಲ, ಹಾಗೆ. ಅವನ್ನೇ ಬಾಲ್ಕನಿಯ ಕಂಬಿಗೆ ಮೊಳೆ ಹೊಡೆದು ಕೂರಿಸಿದರು. ಆ ಬಾಲ್ಕನಿ ನೆಲದಿಂದ 10 ಅಡಿ ಎತ್ತರದಲ್ಲಿತ್ತು. ಇಂದಿಗೂ ಬಳೆಯ ಎತ್ತರ ಅದೇ 10 ಅಡಿ. ಮಕ್ಕಳೇ, ಸಿಕ್ಕಿತಲ್ಲ ನಿಮ್ಮ ಬುಟ್ಟಿ?

13 ನಿಯಮಗಳನ್ನು ಬರೆದು, ಕಚೇರಿಯಲ್ಲಿ ಟೈಪ್ ಮಾಡಿಸಿ ಗೋಡೆಯ ಫಲಕಕ್ಕೆ ಅಂಟಿಸಿದರು. ಚೆಂಡು ಹಿಡಿದು ಓಡುವಂತಿಲ್ಲ. ಎದುರಾಳಿಯನ್ನು ತಳ್ಳುವಂತಿಲ್ಲ, ಹಿಡಿಯುವಂತಿಲ್ಲ, ಕಾಲು ಅಡ್ಡ ಕೊಡುವಂತಿಲ್ಲ, ಹೊಡೆಯುವಂತಿಲ್ಲ. ಮೊದಲ ಸಲ ಮಾಡಿದರೆ ಫೌಲ್, ಎರಡನೇ ಸಲ ಮಾಡಿದರೆ ಮುಂದಿನ ಗೋಲಾಗುವ ತನಕ ಹೊರಗೆ. ಒಂದು ತಂಡ ಸತತವಾಗಿ ಮೂರು ಫೌಲ್ ಮಾಡಿದರೆ ಎದುರಿನವರಿಗೆ ಒಂದು ಗೋಲು. 15 ನಿಮಿಷದ ಎರಡು ಭಾಗ, ನಡುವೆ 5 ನಿಮಿಷ ಬಿಡುವು.

ತರಗತಿಯ ತುಂಟರ ಮುಂದಾಳು ಫ್ರಾಂಕ್ ಮಹಾನ್ ಫಲಕ ನೋಡಿ, ಮತ್ತೊಂದು ಹೊಸ ಆಟವೇ ಎಂದು ಗೊಣಗಿದನಂತೆ. ಆದರೂ 18 ಹುಡುಗರು ಒಂಬತ್ತೊಂಬತ್ತು ಮಂದಿಯಾಗಿ ನಿಂತರು. ಆಟ ಮುಗಿದಾಗ ಅಂಕ 1-0. ಆ ಒಂದೇ ಒಂದು ಗೋಲು ವಿಲಿಯಂ ಚೇಸ್ ಎಂಬವರದು. ಬುಟ್ಟಿಗೆ ತಳವಿದ್ದ ಕಾರಣ ಬಿದ್ದ ಚೆಂಡನ್ನು ಹತ್ತಿ ತೆಗೆಯಬೇಕಿತ್ತು!

ಹುಡುಗರು ಆಟ ಬಿಟ್ಟು ಹೋಗಲೇ ಇಲ್ಲ. ಕೆಲವೇ ದಿನಗಳಲ್ಲಿ ಬಾಲ್ಕನಿ ತುಂಬ ನೋಡುವವರು. ತಮ್ಮ ಕಡೆಯವರು ಗೆಲ್ಲಲಿ ಎಂದು ಅವರು ಮೇಲಿನಿಂದ ಕೈ ಹಾಕಿ ಚೆಂಡನ್ನು ತಡೆಯಲು ಶುರುಮಾಡಿದಾಗ, ಅವರನ್ನು ತಡೆಯಲೆಂದೇ ಬುಟ್ಟಿಯ ಹಿಂದೆ ಹಲಗೆ ಬಂತು. ಆಟಕ್ಕೆ 'ನೈಸ್ಮಿತ್ ಬಾಲ್' ಎಂದು ಹೆಸರಿಡೋಣ ಎಂದವನು ಅದೇ ಮಹಾನ್. ಮೇಷ್ಟ್ರು ನಕ್ಕು ಒಪ್ಪಲಿಲ್ಲ. ಹಾಗಾದರೆ 'ಬ್ಯಾಸ್ಕೆಟ್ ಬಾಲ್' ಎಂದ. ಅದೇ ಉಳಿಯಿತು.

ಆ ಮೊದಲ ಆಟದ ಎರಡು ತಂಡಗಳಲ್ಲಿ ಒಂದರ ನಾಯಕ ಡಂಕನ್ ಪ್ಯಾಟನ್. ಅವರೇ 1894ರಲ್ಲಿ ಈ ಆಟವನ್ನು ಭಾರತಕ್ಕೆ ತಂದರು. ಅಂದರೆ, ಆಟ ಹುಟ್ಟಿದ ಮೂರೇ ವರ್ಷಕ್ಕೆ, ಹುಟ್ಟುವಾಗ ಅಲ್ಲೇ ಇದ್ದವರ ಕೈಯಿಂದಲೇ ಅದು ನಮ್ಮ ನೆಲಕ್ಕೆ ಬಂತು.

ಏಳು ಜನರ ಮನೆ

ವ್ಯಾಯಾಮಶಾಲೆಯ ಗದ್ದಲ ಕೇಳಿ ಪಕ್ಕದ ಶಾಲೆಯ ಟೀಚರಮ್ಮಂದಿರು ಇಣುಕಿ ನೋಡಿದರು. ನಾವೂ ಆಡಬಹುದೇ ಎಂದು ಕೇಳಿದರು. ಹೆಣ್ಣುಮಕ್ಕಳು ಓಡಿ ಆಡುವುದನ್ನು ಸಮಾಜ ಒಪ್ಪದಿದ್ದ ಕಾಲ ಅದು. ನೈಸ್ಮಿತ್ ಯಾಕಾಗಬಾರದು ಎಂದರು. 1892ರಲ್ಲಿ ಹೀಗೆ ಉದ್ದ ಲಂಗ ತೊಟ್ಟೇ ಆಡಿದ ಮಹಿಳೆಯರಲ್ಲಿ ಮಾಡ್ ಶೆರ್ಮನ್ ಒಬ್ಬರು. 1894ರಲ್ಲಿ ನೈಸ್ಮಿತ್ ಅವರನ್ನೇ ಮದುವೆಯಾದರು.

ಮೂರು ಹೆಣ್ಣು, ಎರಡು ಗಂಡು, ಒಟ್ಟು ಐದು ಮಕ್ಕಳು. ಒಂಬತ್ತನೇ ವಯಸ್ಸಿಗೆ ಮನೆ ಕಳೆದುಕೊಂಡ ಹುಡುಗ ಏಳು ಜನರ ಮನೆ ಕಟ್ಟಿದರು. ಮದುವೆಯ ಮರುವರ್ಷ ಡೆನ್ವರ್ ನಗರಕ್ಕೆ ಹೋಗಿ, ಹಗಲು ಕೆಲಸ ಮಾಡುತ್ತಲೇ ವೈದ್ಯಕೀಯ ಓದಿ 1898ರಲ್ಲಿ ಡಾಕ್ಟರಾದರು. ಅದೇ ವರ್ಷ ಕಾನ್ಸಾಸ್ ವಿಶ್ವವಿದ್ಯಾಲಯ ಸೇರಿದರು. ಮಾಡ್ 1937ರಲ್ಲಿ ತೀರಿಕೊಳ್ಳುವವರೆಗೆ 40 ವರ್ಷಕ್ಕೂ ಮೀರಿದ ಸಂಸಾರ. ತಾನು ಹುಟ್ಟಿಸಿದ ಆಟದಿಂದ ಹಣ ಮಾಡುವ ಯೋಚನೆ ಅವರಿಗೆ ಬರಲೇ ಇಲ್ಲ. ಮೇಷ್ಟ್ರ ಸಂಬಳದಲ್ಲೇ ಮನೆ ನಡೆಯಿತು. ಅವರು ಟೈಪ್ ಮಾಡಿಸಿದ ಆ ನಿಯಮಗಳ ಎರಡು ಹಾಳೆಗಳು 2010ರಲ್ಲಿ ಹರಾಜಾದಾಗ ಬಂದ ಬೆಲೆ 43 ಲಕ್ಷ ಡಾಲರ್!

ಸೋಲೇ ಹೆಚ್ಚು

ಈಗ ಒಂದು ಲೆಕ್ಕ. ಕಾನ್ಸಾಸ್ ತಂಡದ ಮೊದಲ ಕೋಚ್ ನೈಸ್ಮಿತ್. 1907ರವರೆಗೆ ಗೆದ್ದ ಪಂದ್ಯ 55, ಸೋತದ್ದು 60. ಆ ವಿಶ್ವವಿದ್ಯಾಲಯದ ಪುರುಷರ ತಂಡದ ಕೋಚ್‌ಗಳ ಪಟ್ಟಿಯಲ್ಲಿ ಗೆಲುವಿಗಿಂತ ಸೋಲು ಹೆಚ್ಚಿರುವ ಒಬ್ಬರೇ ಒಬ್ಬರೆಂದರೆ ಈ ಆಟ ಕಂಡುಹಿಡಿದವರು!

ಅವರಿಗೆ ಅದರಿಂದ ನಾಚಿಕೆಯಾಗಲಿಲ್ಲ. ಆಟವಿರುವುದು ಆಡುವುದಕ್ಕೆ, ಆಡುವವರ ಮೈ ಮನಸ್ಸು ಗಟ್ಟಿಯಾಗುವುದಕ್ಕೆ ಎಂಬುದು ಅವರ ನಂಬಿಕೆ. ಅವರ ಶಿಷ್ಯ ಫಾಗ್ ಅಲೆನ್ ಹಾಗೆ ಯೋಚಿಸಲಿಲ್ಲ. ಮುಂದೆ ಅದೇ ತಂಡದ ಕೋಚ್ ಆಗಿ 590 ಪಂದ್ಯ ಗೆಲ್ಲಿಸಿದರು. ಶಿಷ್ಯ ಗುರುವನ್ನು ಮೀರಿಸಿದರೆ ಗುರುವಿಗೆ ಅದೂ ಒಂದು ಗೆಲುವೇ.

ಇನ್ನೊಬ್ಬ ಶಿಷ್ಯರ ಕಥೆ ಹೇಳಲೇಬೇಕು. 1933ರಲ್ಲಿ ಜಾನ್ ಮೆಕ್‌ಲೆಂಡನ್ ಎಂಬ ಕಪ್ಪು ಜನಾಂಗದ ಹುಡುಗ ಕಾನ್ಸಾಸ್‌ಗೆ ಬಂದ. ಬ್ಯಾಸ್ಕೆಟ್‌ಬಾಲ್ ಕಲಿಸುವ ಮೇಷ್ಟ್ರಾಗಬೇಕೆಂಬ ಆಸೆ. ಆದರೆ ಚರ್ಮದ ಬಣ್ಣದ ಕಾರಣಕ್ಕೆ ವಿಶ್ವವಿದ್ಯಾಲಯದ ತಂಡದಲ್ಲಿ ಆಡಲು ಬಿಡಲಿಲ್ಲ. ಈಜುಕೊಳಕ್ಕೆ ಇಳಿಯಲೂ ಅಡ್ಡಿ. ಆಗ 70 ದಾಟಿದ್ದ ನೈಸ್ಮಿತ್ ಆ ಹುಡುಗನನ್ನು ಪಕ್ಕಕ್ಕೆ ಕರೆದುಕೊಂಡು, ತಮಗೆ ಗೊತ್ತಿದ್ದುದನ್ನೆಲ್ಲ ಕಲಿಸಿದರು. ಅವನ ಪರವಾಗಿ ನಿಂತರು. 1936ರಲ್ಲಿ ಪದವಿ ಪಡೆದ ಮೆಕ್‌ಲೆಂಡನ್ ಮುಂದೆ ದೊಡ್ಡ ಕೋಚ್ ಆಗಿ, 1957, 1958, 1959ರಲ್ಲಿ ಸತತ ಮೂರು ಸಲ ಕಾಲೇಜುಗಳ ರಾಷ್ಟ್ರೀಯ ಪ್ರಶಸ್ತಿ ಗೆಲ್ಲಿಸಿದರು. ಶಿಕಾರಿಪುರ ತಾಲ್ಲೂಕು ಅಲ್ಲಮಪ್ರಭುವಿನ ಬಳ್ಳಿಗಾವಿ, ಅಕ್ಕಮಹಾದೇವಿಯ ಉಡುತಡಿ ಇರುವ ಸೀಮೆ. ಹುಟ್ಟಿನಿಂದ ಯಾರೂ ಕೀಳಲ್ಲ ಎಂಬ ಮಾತು ಇಲ್ಲಿನ ಮಕ್ಕಳಿಗೆ ಹೊಸದಲ್ಲ. ಈ ಕಥೆ ಹೇಳಿದಾಗ ತರಗತಿ ಸುಮ್ಮನಾಗಿ ಕೇಳುತ್ತಿತ್ತು.

1936ರಲ್ಲಿ ಬರ್ಲಿನ್ ಒಲಿಂಪಿಕ್ಸ್‌ಗೆ ಬ್ಯಾಸ್ಕೆಟ್‌ಬಾಲ್ ಸೇರಿತು. ಅಲ್ಲಿಗೆ ಹೋಗಲು ಮೇಷ್ಟ್ರ ಕೈಯಲ್ಲಿ ಹಣವಿಲ್ಲ. ದೇಶದ ಕೋಚ್‌ಗಳೆಲ್ಲ ಸೇರಿ ಪಂದ್ಯಗಳಲ್ಲಿ ಕಾಸು ಕೂಡಿಸಿ ಅವರನ್ನು ಕಳಿಸಿದರು. ಮೊದಲ ಪಂದ್ಯದ ಚೆಂಡನ್ನು ಅವರೇ ಮೇಲಕ್ಕೆ ಹಾರಿಸಿದರು. ಫೈನಲ್ ನಡೆದದ್ದು ಬಯಲಿನ ಮಣ್ಣಿನ ಅಂಕಣದಲ್ಲಿ, ಸುರಿಯುವ ಮಳೆಯಲ್ಲಿ. ಒಂದು ಕಡೆ ಅವರು ಹುಟ್ಟಿದ ಕೆನಡಾ, ಇನ್ನೊಂದು ಕಡೆ ಅವರು ಬದುಕಿದ ಅಮೆರಿಕ. ಕೆಸರಿನಲ್ಲಿ ಚೆಂಡು ಪುಟಿಯದೆ ಅಮೆರಿಕ 19-8ರಿಂದ ಗೆದ್ದಿತು. ಯಾರು ಗೆದ್ದರೂ ಸೋತರೂ ಆ ದಿನ ಅಂಕಣದಲ್ಲಿದ್ದವರೆಲ್ಲ ಅವರ ಮಕ್ಕಳೇ. ಮೂರು ವರ್ಷದ ಬಳಿಕ, 1939ರ ನವೆಂಬರ್ 28ರಂದು ನೈಸ್ಮಿತ್ ತೀರಿಕೊಂಡರು.

ಪಟ್ಟಿಯಲ್ಲಿ ಹೆಸರಿಲ್ಲದವರು

ಪ್ರತಿ ವರ್ಷ ಆಯ್ಕೆಯ ದಿನ ನನಗೆ ನೈಸ್ಮಿತ್ ನೆನಪಾಗುತ್ತಿದ್ದರು. ತಂಡಕ್ಕೆ ಬೇಕಾದವರು ಹನ್ನೆರಡು ಮಂದಿ. ಆಸೆಯಿಂದ ಬಂದವರು ಮೂವತ್ತು ಮಂದಿ. ಪಟ್ಟಿ ಓದಿದ ಮಾರನೇ ದಿನದಿಂದ ಉಳಿದವರು ಮೈದಾನದ ಕಡೆ ತಲೆ ಹಾಕುವುದಿಲ್ಲ. ಗೆದ್ದ ಕಪ್ ಶಾಲೆಯ ಬೀರುವಿನಲ್ಲಿ ಕಾಣುತ್ತದೆ. ಆಟ ಬಿಟ್ಟ ಆ ಹದಿನೆಂಟು ಮಕ್ಕಳು ಯಾರ ಕಣ್ಣಿಗೂ ಕಾಣುವುದಿಲ್ಲ. ಹದಿನೆಂಟು! ನೈಸ್ಮಿತ್ ಅವರ ತರಗತಿಯಲ್ಲಿದ್ದವರೂ ಅಷ್ಟೇ ಜನ. ಅವರು ಅಷ್ಟೂ ಮಂದಿಯನ್ನು ಆಟಕ್ಕೆ ಇಳಿಸಿದ್ದರು. ಆ ದಿನ ಒಬ್ಬರೂ ಬೆಂಚಿನಲ್ಲಿ ಕುಳಿತಿರಲಿಲ್ಲ.

ಸೊರಬದ ಕಡೆ ಕೆಲಸದಲ್ಲಿದ್ದಾಗ ಪಟ್ಟಿಯಲ್ಲಿ ಹೆಸರು ಬಾರದ ಹುಡುಗಿಯೊಬ್ಬಳ ಅಜ್ಜಿ ಶಾಲೆಗೆ ಬಂದರು. "ಮೇಷ್ಟ್ರೇ, ಹೆಸರು ಬರಲಿಲ್ಲ ಅಂದ್ಮೇಲೆ ಇವಳು ಸಂಜೆ ನಿಲ್ಲೋದು ಯಾಕೆ? ಮನೇಲಿ ದನ ಕಟ್ಟೋಕೆ ಕೈ ಬೇಕು" ಎಂದರು. ಅಜ್ಜಿಯ ಮಾತಿನಲ್ಲಿ ತಪ್ಪಿರಲಿಲ್ಲ. "ಅಮ್ಮಾ, ವಾರಕ್ಕೆ ಎರಡು ದಿನ ಕೊಡಿ. ಚಿಕ್ಕ ಮಕ್ಕಳಿಗೆ ಆಟ ಹೇಳಿಕೊಡೋಕೆ ನನಗೂ ಒಂದು ಕೈ ಬೇಕು" ಎಂದೆ. ಅಜ್ಜಿ ಒಪ್ಪಿದರು. ಹುಡುಗಿ ಸೀಟಿ ಹಿಡಿದು ನಾಲ್ಕನೇ ತರಗತಿಯ ಮಕ್ಕಳಿಗೆ ಪಂಚಾಯಿತಿ ಮಾಡತೊಡಗಿದಳು. ಅವಳು ಯಾವತ್ತೂ ತಂಡಕ್ಕೆ ಆಯ್ಕೆಯಾಗಲಿಲ್ಲ. ಎಸ್‌ಎಸ್‌ಎಲ್‌ಸಿ ಮುಗಿಯುವವರೆಗೆ ಮೈದಾನವನ್ನೂ ಬಿಡಲಿಲ್ಲ. ನನಗೆ ಅಷ್ಟು ಸಾಕಿತ್ತು.

ಹಿರಿಯರೇ, ಮೊಮ್ಮಗು ಆಟ ಮುಗಿಸಿ ಬಂದಾಗ ಗೆದ್ದೆಯಾ ಎಂದು ಕೇಳುವ ಮೊದಲು, ಆಡಿದೆಯಾ ಎಂದು ಕೇಳಿ. ಮಕ್ಕಳೇ, ನೀವೂ ಅಜ್ಜ ಅಜ್ಜಿಯನ್ನು ಒಂದು ಮಾತು ಕೇಳಿ: ನಿಮಗೆ ಆಟ ಕಲಿಸಿದವರು ಯಾರು? ಅವರು ಹೇಳುವ ಹೆಸರು ಯಾವ ಪುಸ್ತಕದಲ್ಲೂ ಇರಲಿಕ್ಕಿಲ್ಲ. ಅದಕ್ಕೇ ಕೇಳಿ ಬರೆದಿಟ್ಟುಕೊಳ್ಳಿ.

ಅಂಗಳದಲ್ಲೇ ಆಡಿ

ತಳ ಹೋದ ಪ್ಲಾಸ್ಟಿಕ್ ಬಕೆಟ್ ಅಥವಾ ಹಳೆಯ ಬಿದಿರಿನ ಬುಟ್ಟಿಯನ್ನು ಜಗಲಿಯ ಕಂಬಕ್ಕೆ ಬಿಗಿಯಾಗಿ ಕಟ್ಟಿ. ಮನೆಯ ಅತಿ ಚಿಕ್ಕ ಮಗು ಎಸೆದರೂ ಚೆಂಡು ತಲುಪುವಷ್ಟು ಎತ್ತರ ಸಾಕು. ಕಟ್ಟುವ ಕೆಲಸ ದೊಡ್ಡವರದು.

* ಚೆಂಡು ಕೈಯಲ್ಲಿದ್ದಾಗ ಓಡುವಂತಿಲ್ಲ. ನಿಂತಲ್ಲಿಂದ ಜೊತೆಯವರಿಗೆ ಎಸೆಯಬೇಕು.
* ತಂಡದ ಪ್ರತಿಯೊಬ್ಬರ ಕೈಗೂ ಚೆಂಡು ಬಂದ ಮೇಲೆಯೇ ಬುಟ್ಟಿಗೆ ಎಸೆಯಬೇಕು.
* ತಳ್ಳಿದವರು ಮುಂದಿನ ಗೋಲಾಗುವವರೆಗೆ ಹೊರಗೆ.
* ಪಂಚರು ಅಜ್ಜ ಅಥವಾ ಅಜ್ಜಿ. ಅವರ ತೀರ್ಪೇ ಕೊನೆಯ ತೀರ್ಪು!